470 ಕುರ್ಚಿಗೆ 470 ಜನ

ಲೆಕ್ಕ ಅಂದ್ರೆ ಹೀಗಿರಬೇಕು. ಕ್ಯೂಬಾದ ಸಂಸತ್ತಿನಲ್ಲಿ 470 ಕುರ್ಚಿ. 2023ರ ಮಾರ್ಚ್ 26ರ ಚುನಾವಣೆಗೆ ನಿಂತವರು 470 ಜನ. ಗೆದ್ದವರೆಷ್ಟು ಅಂತ ಕೇಳಬೇಡಿ, ನಿಮಗೇ ಗೊತ್ತು. ಸೋತು ಅಳುವವರಿಲ್ಲ, ಬಂಡಾಯದ ಅಭ್ಯರ್ಥಿ ಇಲ್ಲ, ರೆಸಾರ್ಟ್ ಖರ್ಚಿಲ್ಲ. ನಮ್ಮ ರಾಜಕೀಯ ನೋಡಿ ಬೆಳೆದ ನನಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಅಲ್ಲಿರುವುದು ಕಮ್ಯುನಿಸ್ಟ್ ಪಕ್ಷ ಒಂದೇ, ಅದು ಯಾರಿಗೂ ಟಿಕೆಟ್ ಕೊಡುವುದಿಲ್ಲ. ಅಭ್ಯರ್ಥಿಗಳನ್ನು ಆರಿಸಲು ಬೇರೆಯೇ ಆಯೋಗವಿದೆ. ಅದರಲ್ಲಿ ಕಾರ್ಮಿಕ ಸಂಘದವರು, ಮಹಿಳಾ ಸಂಘದವರು, ವಿದ್ಯಾರ್ಥಿ ಸಂಘದವರು. ಆ ಸಂಘಗಳೆಲ್ಲ ಯಾರ ಮನೆಯವು ಅಂತ ಕೇಳಿದರೆ ನೀವು ಅಧಿಕಪ್ರಸಂಗಿ.

ನನಗೆ ಜಾಸ್ತಿ ಇಷ್ಟವಾಗಿದ್ದು ಮತಪತ್ರ. ಮೇಲೊಂದು ವೃತ್ತ, ಪಕ್ಕದಲ್ಲಿ ‘ಎಲ್ಲರಿಗೂ ಮತ’. ಅಲ್ಲೊಂದು ಗುರುತು ಹಾಕಿದರೆ ಕೆಲಸ ಮುಗೀತು. ಮದುವೆ ಊಟದಲ್ಲಿ ಕಣ್ಣು ಮುಚ್ಚಿಕೊಂಡು “ಎಲ್ಲಾ ಬಡಿಸಿ” ಅಂದ ಹಾಗೆ. ಬೇಡದ ಹಾಗಲಕಾಯಿ ಗೊಜ್ಜೂ ಎಲೆಗೆ ಬೀಳುತ್ತದೆ. ಸರಿಯಾಗಿ ಬಿದ್ದ ಮತಗಳಲ್ಲಿ ಶೇ 72ರಷ್ಟು ಹೀಗೆ ಎಲ್ಲಾ ಬಡಿಸಿಕೊಂಡವು.

ಮತಪೆಟ್ಟಿಗೆ ಕಾಯುವವರು ಶಾಲೆ ಮಕ್ಕಳು. ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ನಿಂತಿರುತ್ತಾರೆ. ಚೀಟಿ ಒಳಗೆ ಬಿದ್ದ ಕೂಡಲೇ ಸೆಲ್ಯೂಟ್ ಹೊಡೆದು “ವೋಟೋ!” ಅಂತಾರೆ. ಮತ ಹಾಕಿದರು ಅಂತ ಅರ್ಥ. ಮುದ್ದಾಗಿದೆ, ಅಲ್ವಾ? ಪೊಲೀಸರು ಯಾಕೆ ಬೇಕು ಹೇಳಿ. ಕದಿಯೋಣ ಅಂದರೆ ಫಲಿತಾಂಶ ಆ ಪೆಟ್ಟಿಗೆಯಲ್ಲೇ ಇಲ್ಲ.

ಏಪ್ರಿಲ್ 19ಕ್ಕೆ ಗೆದ್ದವರು ಸೇರಿ ಅಧ್ಯಕ್ಷರನ್ನು ಆರಿಸಿದರು. ಕಣದಲ್ಲಿದ್ದವರು ಮಿಗೆಲ್ ದಿಯಾಸ್ ಕನೆಲ್ ಒಬ್ಬರೇ. ಅಂದು ಹಾಜರಿದ್ದ 462 ಜನರಲ್ಲಿ 459 ಜನರ ಮತ. ಆ ಉಳಿದ ಮೂವರ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಪೆನ್ನಿನಲ್ಲಿ ಇಂಕು ಮುಗಿದಿತ್ತೋ? ಇಲ್ಲಾ, ಶೇ 100 ಅಂದರೆ ದೃಷ್ಟಿ ತಾಗೀತು ಅಂತ ಯಾರಾದರೂ ಮೂರು ಕಪ್ಪು ಚುಕ್ಕೆ ಇಡಿಸಿದರೋ?

ಮಾರ್ಚ್ 26 ಅಂದಾಗ ಇನ್ನೊಂದು ನೆನಪಾಯಿತು. 1989ರಲ್ಲಿ ಅದೇ ತಾರೀಕು ಸೋವಿಯತ್ ಒಕ್ಕೂಟದಲ್ಲಿ ಚುನಾವಣೆ ನಡೆದಿತ್ತು. ಲೆನಿನ್‌ಗ್ರಾಡ್ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಯಜಮಾನ ಯೂರಿ ಸೊಲೊವ್ಯೋವ್ ಎದುರಿಗೆ ಯಾರೂ ನಿಂತಿರಲಿಲ್ಲ. ಮತದಾರರು ಬೂತಿಗೆ ಹೋದರು, ಅರ್ಧಕ್ಕಿಂತ ಹೆಚ್ಚು ಜನ ಅವರ ಹೆಸರಿನ ಮೇಲೆ ಗೆರೆ ಎಳೆದು ಬಂದರು. ನಮ್ಮ ಪಂಚಾಯ್ತಿಗಳಲ್ಲಿ ಅವಿರೋಧ ಆಯ್ಕೆ ಕೇಳಿದ್ದೇವೆ. ಇದು ಅವಿರೋಧ ಸೋಲು! ಪುಣ್ಯಾತ್ಮರು.

ಕ್ಯೂಬಾದವರು ಗೆರೆ ಎಳೆಯಲು ಬೂತಿನ ತನಕ ಹೋಗುವುದನ್ನೂ ಬಿಡುತ್ತಿದ್ದಾರೆ. ಹಿಂದೆ ಶೇ 90ರ ಮೇಲಿದ್ದ ಮತದಾನ ಸರ್ಕಾರದ ಲೆಕ್ಕದಲ್ಲೇ ಶೇ 76ಕ್ಕೆ ಇಳಿದಿದೆ. ಸರ್ಕಾರ ಅದನ್ನೂ ಗೆಲುವು ಅಂತಲೇ ಕರೆಯಿತು.

ನಗು ಇಲ್ಲಿಗೆ ಸಾಕಾಯಿತು. 2021ರ ಜುಲೈ 11ರಂದು ಊಟ ಇಲ್ಲ, ಔಷಧ ಇಲ್ಲ, ಕರೆಂಟ್ ಇಲ್ಲ, ಸ್ವಾತಂತ್ರ್ಯ ಬೇಕು ಅಂತ ಇದೇ ಜನ ಬೀದಿಗೆ ಬಂದಿದ್ದರು. ನೂರಾರು ಜನರನ್ನು ಜೈಲಿಗೆ ತಳ್ಳಿದರು. ಕೆಲವರಿಗೆ 20 ವರ್ಷಕ್ಕೂ ಹೆಚ್ಚು ಶಿಕ್ಷೆ. ಬಾಯಿ ಬಿಟ್ಟವರನ್ನು ಒಳಗೆ ಹಾಕಿ, ಹೊರಗಿದ್ದವರ ಕೈಗೆ ಪೆನ್ಸಿಲ್ ಕೊಟ್ಟು ನಿಮ್ಮ ಅಭಿಪ್ರಾಯ ಏನು ಅಂತ ಕೇಳುತ್ತಾರೆ. ನಾಚಿಕೆ ಆಗಬೇಕು.

ಚುನಾವಣೆ ಮುಗಿದು ತಿಂಗಳಾಗುವಷ್ಟರಲ್ಲಿ ಹವಾನಾದ ಮೇ ದಿನದ ದೊಡ್ಡ ಮೆರವಣಿಗೆಯನ್ನು ಕೈಬಿಟ್ಟರು. ಜನರನ್ನು ಕರೆತರಲು ಪೆಟ್ರೋಲ್ ಇಲ್ಲವಂತೆ. ಮತಪತ್ರಕ್ಕೆ ಮಾತ್ರ ಕಾಗದ ಸಿಕ್ಕಿತ್ತು.