ದೆವ್ವಕ್ಕೆ ಡೇ ಶಿಫ್ಟ್

2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಯನ್ನು 2025ರ ಜನವರಿಯಲ್ಲಿ ಘೋಷಿಸಿದರಲ್ಲ, ಆಗ ಎಲ್ಲರೂ ಸರ್ಕಾರವನ್ನು ಆಡಿಕೊಂಡು ನಕ್ಕರು. ಅತ್ಯುತ್ತಮ ನಟ ಅನ್ನಿಸಿಕೊಂಡ ಸುದೀಪ್ ಅವರೇ ಬೇರೆ ಯಾರಿಗಾದರೂ ಕೊಡಿ ಅಂತ ಬಿಟ್ಟುಕೊಟ್ಟರು. ಆದರೆ ದಾವಣಗೆರೆಯಲ್ಲಿ ಒಬ್ಬರು ಮಾತ್ರ ಆ ಸುದ್ದಿ ಓದಿ ಖುಷಿಪಟ್ಟರು. "ಇಷ್ಟು ವರ್ಷ ಆದ್ಮೇಲೂ ಕೊಟ್ರು ಅಂದ್ರೆ ಎಲ್ಲೋ ಒಂದ್ಕಡೆ ಲೆಕ್ಕ ಬರೆದಿಟ್ಟಿದ್ದಾರೆ ಅಂತಾಯ್ತಲ್ಲ ಅಣ್ಣ" ಅಂದರು. ಅವರಿಗೆ ಬರಬೇಕಾದ ದುಡ್ಡಿನ ಲೆಕ್ಕವನ್ನು ಅವರು ಬಿಟ್ಟರೆ ಯಾರೂ ಬರೆದಿಟ್ಟಿಲ್ಲ, ಅದಕ್ಕೆ ಆ ಖುಷಿ. ಅವತ್ತು ಪ್ರಶಸ್ತಿ ಪಟ್ಟಿಯನ್ನು ಗಂಟೆಯೊಳಗೆ ಲೇಖನ ಮಾಡಿ ಕಳಿಸು ಅಂತ ಬೆಂಗಳೂರಿನ ಒಂದು ವೆಬ್‌ಸೈಟಿನವರು ಅವರಿಗೆ ಫೋನ್ ಮಾಡಿದ್ದರು. ಕಳಿಸಿದರು. ಸರ್ಕಾರ ಹೀಗೆ ತಡ ಮಾಡಿದರೆ ಕಲಾವಿದರ ಗತಿ ಏನು ಅಂತ ಖಾರವಾಗಿಯೇ ಬರೆದಿದ್ದರು. ಆ ಲೇಖನದ ದುಡ್ಡು ಇನ್ನೂ ಬಂದಿಲ್ಲ.

ನಮ್ಮ ಬೀದಿಯಲ್ಲಿ ಇವರನ್ನು ಡೈರೆಕ್ಟ್ರು ಅಂತಲೇ ಕರೆಯೋದು. ಅವರ ತಾಯಿಗೂ ಸಿಟ್ಟು ಬಂದಾಗ ಅದೇ ಹೆಸರು ಬಾಯಿಗೆ ಬರುತ್ತದೆ. ಹೊಟ್ಟೆಪಾಡಿಗೆ ಸಿನಿಮಾ ಸುದ್ದಿ ಬರೆಯುತ್ತಾರೆ. ಅದರಲ್ಲಿ ಹೊಟ್ಟೆ ತುಂಬದೆ ದೆವ್ವದ ಸಿನಿಮಾ ಮಾಡುತ್ತಾರೆ. ಸಿನಿಮಾ ಮಾಡಿ ಆದ ಸಾಲ ತೀರಿಸೋಕೆ ಮತ್ತೆ ಸಿನಿಮಾ ಸುದ್ದಿ ಬರೆಯುತ್ತಾರೆ. ಇದನ್ನೇ ಅವರ ಬಯೋಡೇಟಾದಲ್ಲಿ 'ಬಹುಮುಖ ಪ್ರತಿಭೆ' ಅಂತ ಹಾಕಿಕೊಂಡಿದ್ದಾರೆ.

ಸಿನಿಮಾ ಸುದ್ದಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾದರಿ ತೋರಿಸುತ್ತೇನೆ. ತಲೆಬರಹ: 'ಆ ಸಿನಿಮಾ ಒಟಿಟಿಗೆ ಯಾವಾಗ? ಇಲ್ಲಿದೆ ಪಕ್ಕಾ ಮಾಹಿತಿ!' ಮೊದಲ ಪ್ಯಾರಾದಲ್ಲಿ ಆ ಸಿನಿಮಾ ಬಿಡುಗಡೆ ಆಯಿತು ಅಂತ ಇರುತ್ತದೆ. ಎರಡನೇದರಲ್ಲಿ ಜನ ಅದನ್ನು ನೋಡಿದರು ಅಂತ. ಮೂರನೇದರಲ್ಲಿ ನಾಯಕಿಯ ಊರು, ವಯಸ್ಸು, ಅವಳ ಹಿಂದಿನ ಸಿನಿಮಾ. ನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು. ಕೊನೇ ಸಾಲಿನಲ್ಲಿ 'ಈ ಬಗ್ಗೆ ಅಧಿಕೃತ ಮಾಹಿತಿ ಇನ್ನೂ ಬಂದಿಲ್ಲ, ಕಾದು ನೋಡಬೇಕು.' ಇದನ್ನು ನಾನ್ನೂರು ಪದ ಮಾಡಬೇಕು, ಅದರೊಳಗೆ ಸಿನಿಮಾದ ಹೆಸರು ಅಷ್ಟಷ್ಟು ಸಲ ಬರಬೇಕು, ಇಲ್ಲಾಂದ್ರೆ ಗೂಗಲ್ ಮುನಿಸಿಕೊಳ್ಳುತ್ತದಂತೆ. ಗೊತ್ತಿಲ್ಲದ ವಿಷಯವನ್ನು ನಾನ್ನೂರು ಪದಕ್ಕೆ ಎಳೆಯೋದು ಸಣ್ಣ ವಿದ್ಯೆಯಲ್ಲ. ವಿಧಾನಸೌಧದಲ್ಲಿ ಇದೇ ಕೆಲಸಕ್ಕೆ ಸಂಬಳ, ಭತ್ಯೆ, ಕಾರು ಎಲ್ಲಾ ಕೊಡುತ್ತಾರೆ.

ಶುಕ್ರವಾರ ವಿಮರ್ಶೆ. ಡೈರೆಕ್ಟ್ರು ಬೆಳಗಿನ ಆಟಕ್ಕೆ ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡು ಹತ್ತು ನಿಮಿಷ ತಡವಾಗಿ ಹೋಗುತ್ತಾರೆ. ಗೂಡ್ಸ್ ಗಾಡಿ ಉದ್ದ ಇದ್ದರೆ ನಾಯಕನ ಎಂಟ್ರಿಯೂ ತಪ್ಪುತ್ತದೆ. ವಿಮರ್ಶೆಗೆ ಅದರಿಂದ ತೊಂದರೆಯಿಲ್ಲ, ಯಾಕಂದರೆ ಮೂರಕ್ಕಿಂತ ಕಡಿಮೆ ಸ್ಟಾರ್ ಕೊಡಬೇಡ ಅಂತ ಮೊದಲೇ ಹೇಳಿರುತ್ತಾರೆ. ಈಗಂತೂ ದೊಡ್ಡವರು ಕೋರ್ಟಿಗೆ ಹೋಗಿ ಟಿಕೆಟ್ ಆ್ಯಪಿನಲ್ಲಿ ರೇಟಿಂಗೇ ಕಾಣದ ಹಾಗೆ ಆದೇಶ ತರುತ್ತಿದ್ದಾರೆ. ಒಳ್ಳೇದೇ. ಚುನಾವಣೆಗೂ ಹಂಗೇ ಮಾಡಿದರೆ ಎಲ್ಲರೂ ಗೆದ್ದಂಗೆ.

ಇನ್ನು ದೆವ್ವದ ಸಿನಿಮಾ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಸಿಕ್ಕರು. ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದ್ದಾಗ ಅವರಿಗೆ ಕಲೆಯ ಮೇಲೆ ಪ್ರೀತಿ ಹುಟ್ಟಿತ್ತು. ರೇಟು ಇಳಿದ ವಾರ ಶೂಟಿಂಗ್ ನಿಲ್ಲುತ್ತಿತ್ತು, ಏರಿದ ವಾರ ಹಾಡು ಸೇರಿಸಿ ಅಂತ ಫೋನ್ ಬರುತ್ತಿತ್ತು. ಡೈರೆಕ್ಟ್ರು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಪೇಪರಿನ ಮಾರುಕಟ್ಟೆ ಧಾರಣೆ.

ಕಥೆ ಚಿತ್ರದುರ್ಗದ ಕೋಟೆಯದು. ಒಳ್ಳೆ ಜಾಗ. ಮೇಲೆ ಹಿಡಿಂಬೇಶ್ವರನ ಗುಡಿಯಿದೆ, ಅಲ್ಲಿ ಹಿಡಿಂಬಾಸುರನ ಹಲ್ಲೇ ಇದೆ ಅನ್ನುತ್ತಾರೆ. ರಾಕ್ಷಸನ ಹಲ್ಲು ಇರುವ ಊರಿನಲ್ಲಿ ದೆವ್ವದ ಸಿನಿಮಾ ಮಾಡದೆ ಇನ್ನೆಲ್ಲಿ ಮಾಡೋದು? ಆದರೆ ಕೋಟೆ ಪುರಾತತ್ವ ಇಲಾಖೆಯದು. ಅನುಮತಿ ಬೇಕು, ಶುಲ್ಕ ಕಟ್ಟಬೇಕು, ಅದೆಲ್ಲಾ ಸರಿ. ಬಾಗಿಲು ತೆಗೆಯೋದು ಸೂರ್ಯ ಹುಟ್ಟಿದ ಮೇಲೆ, ಹಾಕೋದು ಸೂರ್ಯ ಮುಳುಗೋ ಹೊತ್ತಿಗೆ. ಅಂದರೆ ದೆವ್ವ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬೇಕು. ಮೇ ತಿಂಗಳ ಆ ಬಂಡೆಗಳ ಮೇಲೆ ಬರಿಗಾಲಲ್ಲಿ ದೆವ್ವವೂ ನಿಲ್ಲಲ್ಲ ಬಿಡಿ. ಲೊಕೇಶನ್ ಬದಲಾಯಿಸಿ ದಾವಣಗೆರೆಯ ಮುಚ್ಚಿದ ಹತ್ತಿ ಗಿರಣಿಗೆ ಬಂದರು. ದೆವ್ವ ಪಾಳೇಗಾರನ ಸೈನಿಕನಿಂದ ಗಿರಣಿ ಕಾರ್ಮಿಕನಾಯಿತು. ಕೈಯಲ್ಲಿದ್ದ ಕತ್ತಿ ಹೋಗಿ ಬೀಡಿ ಬಂತು.

ಬೀಡಿ ಬಂದಿದ್ದೇ ತಪ್ಪಾಯಿತು. ತೆರೆ ಮೇಲೆ ತಂಬಾಕು ಕಂಡರೆ ಸಿನಿಮಾ ಶುರುವಿನಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ಎಚ್ಚರಿಕೆ ಹಾಕಬೇಕು, ಸೇದುವಷ್ಟು ಹೊತ್ತೂ ಕೆಳಗೆ ಎಚ್ಚರಿಕೆಯ ಅಕ್ಷರ ನಿಂತಿರಬೇಕು. ಸತ್ತು ಮೂವತ್ತು ವರ್ಷ ಆದ ದೆವ್ವದ ಕಾಲ ಕೆಳಗೆ 'ತಂಬಾಕು ಸೇವನೆ ಆರೋಗ್ಯಕ್ಕೆ ಹಾನಿಕರ.' ಜೊತೆಗೆ ಒಂದು ಕರಿ ಬೆಕ್ಕು ಬೇಕಿತ್ತು. ಬೆಕ್ಕಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ಮಂಡಳಿ ಇರೋದು ಹರಿಯಾಣದ ಬಲ್ಲಭಗಢದಲ್ಲಿ. ನಮ್ಮ ಹಗೇದಿಬ್ಬ ಸರ್ಕಲ್ಲಿನ ಬೆಕ್ಕು ಹಾಲು ಕುಡಿಯೋಕೆ ಹರಿಯಾಣದ ಅಪ್ಪಣೆ. ಬೆಕ್ಕನ್ನು ಕೈಬಿಟ್ಟರು, 'ಮಿಯಾಂವ್' ಅಂತ ಡಬ್ಬಿಂಗ್‌ನಲ್ಲಿ ಸೇರಿಸಿದರು. ಅದರ ದನಿ ಡೈರೆಕ್ಟ್ರದೇ.

ಸೆನ್ಸಾರ್‌ನವರು 2024ರ ಹೊಸ ನಿಯಮದಲ್ಲಿ ಯು/ಎ ಅನ್ನೋದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ದೊಡ್ಡವರಿಗೆ ಮಾತ್ರ ಅನ್ನೋ 'ಎ' ಸಿಗಬಹುದು, ಪೋಸ್ಟರಿನಲ್ಲಿ ದಪ್ಪಗೆ ಹಾಕಬಹುದು ಅಂತ ಆಸೆಯಿಂದ ಹೋದರು. ಯು/ಎ 7+ ಕೊಟ್ಟು ಕಳಿಸಿದರು. ಎರಡನೇ ಕ್ಲಾಸಿನ ಮಗು ಆರಾಮಾಗಿ ನೋಡಬಹುದಾದ ದೆವ್ವ. ಡೈರೆಕ್ಟ್ರು ಅವತ್ತು ಬೆಣ್ಣೆ ದೋಸೆ ಮುಂದಿಟ್ಟರೂ ಮುಟ್ಟಲಿಲ್ಲ.

ಈ ನಡುವೆ ಬಜೆಟ್ ಬಂತು. ನೆನಪಿದೆಯಲ್ಲ, 2025ರ ಮಾರ್ಚಿನದು? ಮೈಸೂರಿನಲ್ಲಿ 150 ಎಕರೆ, ₹500 ಕೋಟಿಯ ಚಿತ್ರನಗರಿ. ನಮ್ಮ ಚಿತ್ರನಗರಿಯಷ್ಟು ಒಳ್ಳೆ ದೆವ್ವದ ಕಥೆ ಇನ್ನೊಂದಿಲ್ಲ. ಒಮ್ಮೆ ರಾಮನಗರದಲ್ಲಿ ಕಂಡಿತು ಅಂದರು, ಒಮ್ಮೆ ಬೆಂಗಳೂರಿನ ರೋರಿಕ್ ಎಸ್ಟೇಟಿನಲ್ಲಿ, ಒಮ್ಮೆ ಹೆಸರಘಟ್ಟದಲ್ಲಿ, ಈಗ ಮೈಸೂರಲ್ಲಿ. ಎಲ್ಲರೂ ಅದರ ಬಗ್ಗೆ ಕೇಳಿದ್ದಾರೆ, ಕಣ್ಣಾರೆ ಕಂಡವರು ಯಾರೂ ಇಲ್ಲ. ಅದೇ ಬಜೆಟ್ಟಿನಲ್ಲಿ ಸರ್ಕಾರದ್ದೇ ಒಟಿಟಿ ಅಂತಲೂ ಇತ್ತು. ಟಿಕೆಟ್ಟಿಗೆ ₹200 ಮಿತಿ ಅಂತಲೂ ಇತ್ತು. ಟಿಕೆಟ್ ಆದೇಶ ಸೆಪ್ಟೆಂಬರಿನಲ್ಲಿ ಹೊರಬಂತು, ಅದೇ ತಿಂಗಳು ಹೈಕೋರ್ಟಿನಲ್ಲಿ ತಡೆ ಬಿತ್ತು. ಮೊದಲ ದಿನವೇ ಎತ್ತಂಗಡಿಯಾಗುವ ಸಿನಿಮಾ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಒಟಿಟಿಯವರು ಕನ್ನಡ ಸಿನಿಮಾ ಸುಲಭಕ್ಕೆ ತಗೊಳ್ಳಲ್ಲ ಅನ್ನೋದು ಈಗ ಗುಟ್ಟಲ್ಲ. ರಕ್ಷಿತ್ ಶೆಟ್ಟಿ ಅವರಂಥವರೇ 2024ರಲ್ಲಿ ತಮ್ಮ ಸರಣಿಯನ್ನು ತಾವೇ ಒಂದು ವೆಬ್‌ಸೈಟ್ ಮಾಡಿ ಬಿಡಬೇಕಾಯಿತು. ಇನ್ನು ನಮ್ಮ ಡೈರೆಕ್ಟ್ರ ಬೀಡಿ ದೆವ್ವವನ್ನು ಯಾರು ಕೇಳುತ್ತಾರೆ? ಸಿಕ್ಕ ಒಂದು ಕಡೆ, ಜನ ನೋಡಿದ ನಿಮಿಷಕ್ಕೆ ಇಷ್ಟು ಪೈಸೆ ಅಂತ ಲೆಕ್ಕ. ಮೊದಲ ತಿಂಗಳು ಬಂದ ದುಡ್ಡಿಗೆ ನಮಗೆಲ್ಲಾ ಖಾರ ಮಂಡಕ್ಕಿ, ಮಿರ್ಚಿ ಕೊಡಿಸಿದರು. ಚಹಾದ ದುಡ್ಡು ನಾವೇ ಕೊಟ್ಟೆವು. ರಾಜ್ಯ ಸರ್ಕಾರದ ₹10 ಲಕ್ಷದ ಸಬ್ಸಿಡಿಗೆ ಅರ್ಜಿ ಹಾಕಿದ್ದಾರೆ. ಅದು ಬರುವ ಹೊತ್ತಿಗೆ ಸಿನಿಮಾದ ಬಾಲನಟನಿಗೆ ಮದುವೆಯಾಗಿರುತ್ತದೆ.

ಒಂದು ಕಾಲಕ್ಕೆ ಈ ಊರು ನಾಟಕ ಕಂಪನಿಗಳದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ಇಲ್ಲಿಯದೇ. ಆಗಲೂ ಯಾರೂ ಶ್ರೀಮಂತರಾಗಲಿಲ್ಲ, ಮಳೆ ಬಂದರೆ ಕಲೆಕ್ಷನ್ ಇಲ್ಲ, ಸಾಲ ಮಾಡಿ ಮುಂದಿನ ಊರಿಗೆ ಟೆಂಟ್ ಸಾಗಿಸಬೇಕು. ಆದರೂ ನಾಟಕ ಬರೆದುಕೊಡೋ ಕವಿ ಅಂತ ಒಬ್ಬ ಇದ್ದರೆ ಕಂಪನಿ ಪಂಕ್ತಿಯಲ್ಲಿ ಅವನಿಗೊಂದು ಎಲೆ ಬೀಳುತ್ತಿತ್ತು. ಈಗಿನ ಕಂಪನಿಯವರು 'ಹೆಸರು ಬರುತ್ತಲ್ಲ' ಅನ್ನುತ್ತಾರೆ. ಹೆಸರು ತಗೊಂಡು ಕಿರಾಣಿ ಅಂಗಡಿಗೆ ಹೋಗಿ ನೋಡಿ.

ನಗೋದು ಸಾಕು. ಸರ್ಕಾರ ಐದು ವರ್ಷ ತಡ ಮಾಡಿತು ಅಂತ ಬರೆಸಿಕೊಂಡು, ಆ ಬರಹಕ್ಕೆ ಜಾಹೀರಾತು ಹಾಕಿ ದುಡ್ಡು ಮಾಡಿಕೊಂಡು, ಬರೆದವನಿಗೆ 'ಅಕೌಂಟ್ಸ್‌ನವರು ರಜೆ ಮೇಲಿದ್ದಾರೆ' ಅನ್ನೋಕೆ ನಾಚಿಕೆ ಆಗಲ್ವಾ? 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯವರಿಂದ ಕೆಲಸ ಮಾಡಿಸಿಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಡೈರೆಕ್ಟ್ರು ಸಣ್ಣ ಉದ್ದಿಮೆ ಅಂತ ಸರ್ಕಾರದ ಉದ್ಯಮ್ ನೋಂದಣಿಯನ್ನೂ ಮಾಡಿಸಿದ್ದಾರೆ, ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿದ್ದಾರೆ. ಅದರ ಫೋಟೋ ಕಳಿಸಿದ್ದಕ್ಕೆ ಆ ಕಡೆಯಿಂದ ಒಂದು ಹೆಬ್ಬೆರಳು ಬಂತು, ಅಷ್ಟೇ. ದೂರು ಕೊಡಿ ಅಂದರೆ, "ಕೊಟ್ರೆ ನಾಳೆ ಕೆಲಸ ಕೊಡಲ್ಲ ಅಣ್ಣ, ಉಳಿದವರಿಗೂ ಹೇಳ್ತಾರೆ" ಅನ್ನುತ್ತಾರೆ. ಅದೂ ನಿಜವೇ. ಈ ವೆಬ್‌ಸೈಟಿನವರೆಲ್ಲಾ ಬದುಕಿರೋದು ಆ ಒಂದು ಹೆದರಿಕೆಯ ಮೇಲೆ.

ಕೊಡಬೇಕಾದ್ದು ಕೊಟ್ಟುಬಿಡಿ. ಡೈರೆಕ್ಟ್ರ ಫೋನ್‌ಪೇ ನಂಬರ್ ಸಿಗಲಿಲ್ಲ ಅಂತ ಮಾತ್ರ ಹೇಳಬೇಡಿ. ಶುಕ್ರವಾರ ಇಂಟರ್ವಲ್ ಬಿಡುವ ಹೊತ್ತಿಗೇ 'ವಿಮರ್ಶೆ ಎಲ್ಲಿ' ಅಂತ ನೀವು ಫೋನ್ ಮಾಡೋದು ಅದೇ ನಂಬರಿಗೆ.