‘ಸ್ಲ್ಯಾಕ್‌ನಲ್ಲಿ ಕೇಳಿ’ ಅಂತ ಬರೆಯೋ ಮಹಾನುಭಾವರೇ, ಎಲ್ಲಿ ಕೇಳ್ಬೇಕು?

ಆಫೀಸಿಗೆ ಹೊಸದಾಗಿ ಸೇರಿದವರಿಗೆ ಅಂತ ಬರೆದ ಡಾಕ್ಯುಮೆಂಟ್ ಒಂದನ್ನ ಈಗಷ್ಟೇ ಓದಿ ಮುಗಿಸಿದೆ. ತಲೆ ಕೆಟ್ಟಿದೆ. ಬಣ್ಣದ ಡಬ್ಬಿ, ಬಾಣದ ಗುರುತು, ಎಲ್ಲ ಇದೆ. ಕೊನೇ ಸಾಲು: ‘ತೊಂದರೆಯಾದರೆ ಪ್ಲಾಟ್‌ಫಾರ್ಮ್ ಚಾನೆಲ್‌ನಲ್ಲಿ ಕೇಳಿ.’ ಚಾನೆಲ್ ಅಂದ್ರೆ ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿ ಒಂದೊಂದು ವಿಷಯಕ್ಕೆ ಇರೋ ಗುಂಪು. ಲಿಂಕ್ ಇಲ್ಲ! ಹುಡುಕಿದರೆ ಪ್ಲಾಟ್‌ಫಾರ್ಮ್, ಪ್ಲಾಟ್‌ಫಾರ್ಮ್ ಹೆಲ್ಪ್, ಪ್ಲಾಟ್‌ಫಾರ್ಮ್ ಹೆಲ್ಪ್ ನ್ಯೂ ಅಂತ ಸಾಲಾಗಿ ನಿಂತಿವೆ. ‘ಮದುವೆ ಜಯನಗರದ ಛತ್ರದಲ್ಲಿ, ಬಂದುಬಿಡಿ’ ಅಂದ ಹಾಗಾಯ್ತು.

ಚಾನೆಲ್ ಹೆಸರಿನ ಮೇಲೆ ರೈಟ್ ಕ್ಲಿಕ್, ಕಾಪಿ ಲಿಂಕ್, ಪೇಸ್ಟ್. ಇಷ್ಟೇ ಕಣ್ರಪ್ಪಾ. ಆ ಲಿಂಕ್‌ನಲ್ಲಿ ಇರೋದು ಚಾನೆಲ್ ಹೆಸರಲ್ಲ, ಅದರ ಐಡಿ. ನಾಳೆ ಮ್ಯಾನೇಜರ್ ಬದಲಾಗಿ ಚಾನೆಲ್‌ಗೆ ಮರುನಾಮಕರಣ ಆದ್ರೂ (ಆಗೇ ಆಗುತ್ತೆ) ಲಿಂಕ್ ಕೆಲಸ ಮಾಡುತ್ತೆ. ಮೈಕ್ರೋಸಾಫ್ಟ್‌ನ ಚಾಟ್ ಆ್ಯಪ್ ಟೀಮ್ಸ್‌ನಲ್ಲಂತೂ ಲಿಂಕ್ ಒಳಗೇ ಯಾರ ಜೊತೆ ಮಾತಾಡ್ಬೇಕೋ ಅವರ ಇಮೇಲ್, ಮೊದಲ ಸಾಲಿನ ಮೆಸೇಜ್ ಎರಡನ್ನೂ ತುಂಬಿಡಬಹುದು. ಕ್ಲಿಕ್ ಮಾಡಿದವರಿಗೆ ಕಳಿಸೋ ಬಟನ್ ಒತ್ತೋದಷ್ಟೇ ಬಾಕಿ. ಇನ್‌ಸ್ಟಾಗ್ರಾಮ್‌ನಲ್ಲಿ ಇಳಕಲ್ ಸೀರೆ ಮಾರೋ ಹೆಣ್ಣುಮಕ್ಕಳು ಬಯೋದಲ್ಲಿ ವಾಟ್ಸಾಪ್ ಲಿಂಕ್ ಹಾಕಿಟ್ಟಿರ್ತಾರೆ, ಒತ್ತಿದ್ರೆ ನೇರ ಚಾಟ್. ಡಾಕ್ಯುಮೆಂಟ್ ಬರೆಯೋ ಕ್ಲೌಡ್ ಆರ್ಕಿಟೆಕ್ಟ್ ಸಾಹೇಬರಿಗೆ ಮಾತ್ರ ಪುರುಸೊತ್ತಿಲ್ಲ.

‘ಸರ್ಚ್ ಇದೆಯಲ್ಲ, ಹುಡುಕಿಕೊಳ್ಳಲಿ’ ಅಂತೀರಿ. ಯಾವ ಚಾನೆಲ್ ಜೀವಂತ ಇದೆ, ಯಾವುದರಲ್ಲಿ ಬರೀ ತಾವಾಗೇ ಮೆಸೇಜ್ ಹಾಕೋ ಬಾಟ್‌ಗಳು ಮಾತಾಡ್ತಿವೆ ಅಂತ ನಿಮಗೆ ಗೊತ್ತು, ನಿನ್ನೆ ಬಂದವರಿಗೆ ಹೇಗೆ ಗೊತ್ತಾಗಬೇಕು?

ಒಂದು ಮಾತು ಹೇಳ್ಲಾ? ಇಷ್ಟು ವರ್ಷ ಸರ್ವಿಸ್ ಆದ್ಮೇಲೂ, ನೂರಾರು ಜನ ಇರೋ ಚಾನೆಲ್‌ನಲ್ಲಿ ಪ್ರಶ್ನೆ ಕೇಳೋಕೆ ನನಗೆ ಎದೆ ಢವಢವ ಅನ್ನುತ್ತೆ. ಟೈಪ್ ಮಾಡ್ತೀನಿ, ಅಳಿಸ್ತೀನಿ. ‘ಇದು ಸರಿಯಾದ ಚಾನೆಲ್ ಅಲ್ಲ’ ಅಂತ ಯಾರಾದ್ರೂ ನಗುಮುಖದ ಎಮೋಜಿ ಹಾಕಿದ್ರೆ ಆ ದಿನ ಹೋಯ್ತು. ನನ್ನ ಕತೆಯೇ ಹೀಗೆ, ಇನ್ನು ಮೊದಲ ಕೆಲಸಕ್ಕೆ ಚಳ್ಳಕೆರೆಯಿಂದಲೋ ಹುಣಸೂರಿಂದಲೋ ಬಂದು, ಇಂಗ್ಲಿಷ್ ವಾಕ್ಯವನ್ನ ಮನಸ್ಸಲ್ಲೇ ಜೋಡಿಸಿ ಜೋಡಿಸಿ ಬರೆಯೋ ಹುಡುಗ ಹುಡುಗಿಯರು? ಕೇಳೋದೇ ಇಲ್ಲ. ಸುಮ್ಮನೆ ಒದ್ದಾಡ್ತಾರೆ. ಆಮೇಲೆ ನೀವೇ ‘ಈ ಕಾಲದವರಿಗೆ ಇನಿಷಿಯೇಟಿವ್ ಇಲ್ಲ’ ಅಂತೀರಿ.

ಹಾಂ, ಇನ್ನೊಂದು ಜಾತಿ ಇದೆ. ‘ಯಾಕೆ ಹೀಗೆ ತೀರ್ಮಾನಿಸಿದೆವು? ಈ ಮೆಸೇಜ್ ನೋಡಿ’ ಅಂತ ಲಿಂಕ್ ಎಸೆದು ಕೈತೊಳೆದುಕೊಳ್ಳೋರು. ಸ್ಲ್ಯಾಕ್‌ನ ಉಚಿತ ಪ್ಲಾನ್‌ನಲ್ಲಿ 90 ದಿನ ದಾಟಿದ ಮೆಸೇಜ್ ಕಣ್ಮರೆ. ಪ್ರೈವೇಟ್ ಚಾನೆಲ್ ಆದ್ರೆ ಹೊರಗಿನವರಿಗೆ ತೆರೆಯೋದೇ ಇಲ್ಲ. ತೀರ್ಮಾನ ಡಾಕ್ಯುಮೆಂಟ್‌ನಲ್ಲೇ ಬರೀರಿ, ಲಿಂಕ್ ಸಾಕ್ಷಿಗಿರಲಿ. ಆದ್ರೆ ಇದನ್ನೇ ನೆಪ ಮಾಡ್ಕೊಂಡು ‘ನೋಡಿದ್ರಾ, ಲಿಂಕ್ ಹಾಕಿದ್ರೂ ಉಪಯೋಗ ಇಲ್ಲ’ ಅನ್ನಬೇಡಿ. ನಾನು ಕೇಳ್ತಿರೋದು ಚಾನೆಲ್‌ನ ಲಿಂಕ್.

ಕಮೆಂಟಲ್ಲಿ ‘ಆ್ಯಪನ್ನೇ ನೇರ ತೆರೆಯೋ ಸ್ಲ್ಯಾಕ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್ ಲಿಂಕ್ ಹಾಕಬೇಕು’ ಅಂತ ಪಾಂಡಿತ್ಯ ತೋರಿಸೋಕೆ ಬರೋರಿಗೆ ಮೊದಲೇ ಹೇಳಿಬಿಡ್ತೀನಿ. ಎಷ್ಟೋ ಡಾಕ್ಯುಮೆಂಟ್ ಟೂಲ್‌ಗಳು ಅದನ್ನ ಲಿಂಕ್ ಅಂತಲೇ ಒಪ್ಪಲ್ಲ, ಆ್ಯಪ್ ಇಲ್ಲದವರಿಗೆ ಅದು ತೆರೆಯೋದೂ ಇಲ್ಲ. ಮಾಮೂಲಿ ವೆಬ್ ಲಿಂಕ್ ಸಾಕು. ಹಾಕಿ ಮೊದಲು, ಆಮೇಲೆ ಜಗಳ ಆಡೋಣ.