ಬಾಡಿಗೆ ಮನೆಗೆ ನೂರಕ್ಕೆ ಎಷ್ಟು ಅಂಕ?

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುವುದು ಎಂದರೆ ಸಂಜೆ ಹೊತ್ತು ಸ್ಕೂಟರನ್ನು ನಿಧಾನಕ್ಕೆ ಬಿಟ್ಟುಕೊಂಡು ಗೇಟು ಗೇಟು ನೋಡುತ್ತಾ ಹೋಗುವುದು. ‘ಟು ಲೆಟ್’ ಬೋರ್ಡು ಕಂಡರೆ ಇಳಿಯುವುದು. ನಾಯಿ ಕಟ್ಟಿದ್ದಾರಾ ನೋಡಿಕೊಂಡು ಬೆಲ್ ಒತ್ತುವುದು. ನನ್ನ ತಂಗಿಯ ಮಗ ಮಾತ್ರ ಮನೆ ಹುಡುಕೋಕೆ ಅಂತ ಲ್ಯಾಪ್‌ಟಾಪ್ ತೆಗೆದು ಕೂತ.

ಕ್ಯೂಜಿಐಎಸ್ ಅಂತ ಒಂದು ನಕ್ಷೆಯ ಸಾಫ್ಟ್‌ವೇರ್ ಇದೆ. 2002ರಲ್ಲಿ ಶುರುವಾದದ್ದು, ಪೂರಾ ಪುಕ್ಕಟೆ. ರಸ್ತೆ, ಬಸ್ ಸ್ಟಾಪು, ಅಂಗಡಿಗಳ ವಿವರ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಸಿಗುತ್ತದೆ. ಅದು 2004ರಿಂದ ಊರೂರಿನ ಜನ ಬಿಡುವಾದಾಗ ಗುರುತು ಹಾಕಿ ಬೆಳೆಸಿದ ನಕ್ಷೆ. ನಮ್ಮ ಒಂದೊಂದು ಆಸೆಗೂ ಒಂದೊಂದು ಪದರ. ಆಫೀಸು ಒಂದು ಪದರ, ಬಸ್ ಸ್ಟಾಪು ಇನ್ನೊಂದು. ಊರನ್ನೆಲ್ಲ ಸಣ್ಣ ಚೌಕ ಮಾಡಿ, ಪ್ರತಿ ಚೌಕಕ್ಕೂ ಪ್ರತಿ ಪದರದಲ್ಲಿ ಅಂಕ ಕೊಟ್ಟು ಕೂಡಿಸಿದರೆ ಒಳ್ಳೆಯ ಜಾಗ ಹಸಿರು, ಕೆಟ್ಟದ್ದು ಕೆಂಪು.

ಮೊದಲ ಸಲ ಅವನು ಹೆಬ್ಬಾಳದ ತನ್ನ ಆಫೀಸಿನ ಸುತ್ತ 1 ಅಂತ ಹೊಡೆದು ವೃತ್ತ ಎಳೆದಾಗ ಹಾಸನವೂ ಊಟಿಯೂ ಒಳಗೆ ಬಂದವು. ಅದು ಕಿಲೋಮೀಟರಿನ ಲೆಕ್ಕದಲ್ಲಿ ಇರಲಿಲ್ಲ, ಅಕ್ಷಾಂಶ, ರೇಖಾಂಶದ ಡಿಗ್ರಿ ಲೆಕ್ಕದಲ್ಲಿತ್ತು. ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ‘ಊಟಿಯಾದ್ರೆ ನಾನೂ ಬರ್ತೀನಪ್ಪ’ ಅಂದಳು ತಂಗಿ.

ಎರಡನೆಯ ವೃತ್ತ ಸರಸ್ವತಿಪುರಂ ಸುತ್ತ, ತಂಗಿಯ ಸೊಸೆ ಪಾಠ ಮಾಡುವ ಶಾಲೆಯಿಂದ ಎರಡು ಕಿಲೋಮೀಟರಿಗೆ. ಮಾನಸಗಂಗೋತ್ರಿ ಕಡೆಯ ಮನೆಗಳೂ ಅದರೊಳಗೆ ಬಂದವು. ನಡುವೆ ಕುಕ್ಕರಹಳ್ಳಿ ಕೆರೆ ಇದೆಯಲ್ಲ! ನೇರ ಗೆರೆಯ ಲೆಕ್ಕ ಕೆರೆಯ ಹೆಜ್ಜಾರ್ಲೆಗೆ ಸರಿ. ಸ್ಕೂಟರಿನವರು ಬೋಗಾದಿ ರಸ್ತೆಯನ್ನೋ ಹುಣಸೂರು ರಸ್ತೆಯನ್ನೋ ಹಿಡಿದು ಬಳಸಿಕೊಂಡೇ ಬರಬೇಕು. ಆಮೇಲೆ ರಸ್ತೆ ಹಿಡಿದು ಅಳೆಯುವ ಲೆಕ್ಕ ಹಾಕಿಸಿದ.

ಇಲ್ಲಿಯವರೆಗೆ ಎಲ್ಲ ಸಲೀಸು. ಜಗಳ ಹತ್ತಿದ್ದು ಅಂಕ ಹಂಚುವಾಗ. ಯಾವ ಪದರಕ್ಕೆ ಎಷ್ಟು ತೂಕ ಅಂತ ಮೊದಲೇ ಹೇಳಬೇಕು, ಒಟ್ಟು ನೂರು ಮೀರುವ ಹಾಗಿಲ್ಲ. ಮಗರಾಯ ಆಫೀಸಿಗೆ ಐವತ್ತು ಹಾಕಿಕೊಂಡು ಕೂತಿದ್ದ. ಸೊಸೆ ಏನೂ ಅನ್ನಲಿಲ್ಲ. ಅವನು ಕಾಫಿಗೆ ಎದ್ದಾಗ ಅದನ್ನು ಮೂವತ್ತು ಮಾಡಿ, ಉಳಿದ ಇಪ್ಪತ್ತನ್ನು ಶಾಲೆಗೆ ಸೇರಿಸಿದಳು. ಅವನು ವಾಪಸ್ ಬರುವಷ್ಟರಲ್ಲಿ ಹಸಿರೆಲ್ಲ ಕೆರೆಯ ಕಡೆಗೆ ಸರಿದಿತ್ತು.

ತಂಗಿಯ ಬೇಡಿಕೆ ಬೇರೆಯೇ. ಅವಳಿಗೆ ಬಂಬೂ ಬಜಾರ್ ಆಸುಪಾಸು ಬೇಕು. ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದು ಆ ದಾರಿಯಲ್ಲೇ. ದಸರೆಗೆ ನೆಂಟರಿಷ್ಟರೆಲ್ಲ ಬಂದು ಇಳಿಯಬಹುದು ಅಂತ ಅವಳ ಸಂಭ್ರಮ. ‘ಅದಕ್ಕೆ ಹದಿನೈದು ಹಾಕು’ ಅಂದಳು. ಸೊಸೆ ಗಂಡನ ಕಿವಿಯಲ್ಲಿ ‘ಮೈನಸ್ ಹಾಕೋಕೆ ಬರುತ್ತಾ?’ ಅಂತ ಕೇಳಿದ್ದು ನನಗೂ ಕೇಳಿಸಿತು. ಬರುತ್ತದಂತೆ. ಜಾಗ ಒಂದೇ, ಅತ್ತೆಗೆ ಹಸಿರು, ಸೊಸೆಗೆ ಕೆಂಪು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ಇಷ್ಟು ಬಣ್ಣಬಣ್ಣವಾಗಿ ತೋರಿಸುವ ಯಂತ್ರ ಇನ್ನೊಂದಿಲ್ಲ.

ಈ ತೂಕದ ಲೆಕ್ಕ ನಮ್ಮೂರಿಗೆ ಹೊಸದೇನಲ್ಲ. 1903ರಲ್ಲೇ ಇಲ್ಲಿ ಊರು ಸುಧಾರಿಸಿ ಬಡಾವಣೆ ಮಾಡೋಕೆ ಅಂತ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಪ್ಲೇಗು ಕಂಡ ಊರು ಗಾಳಿ, ಬೆಳಕು, ಚರಂಡಿಗೆ ಜಾಸ್ತಿ ಅಂಕ ಕೊಟ್ಟಿತು. ಹಳೇ ಬಡಾವಣೆಗಳ ಅಗಲ ರಸ್ತೆಯಲ್ಲಿ ನಾವು ಈಗ ಕಾರು ನಿಲ್ಲಿಸಿಕೊಂಡಿದ್ದೇವೆ, ಅದು ಬೇರೆ ವಿಷಯ. ನಮ್ಮ ಕಾಲದ ಸ್ಟೇಜುಗಳಿಗೆ ಯಾವುದಕ್ಕೆ ಅಂಕ ಕೊಟ್ಟರೋ! ವಿಜಯನಗರದ ಒಂದನೇ ಸ್ಟೇಜೂ ನಾಲ್ಕನೇ ಸ್ಟೇಜೂ ಹೆಸರಿನಲ್ಲಷ್ಟೇ ಅಣ್ಣತಮ್ಮಂದಿರು. ಅಲ್ಲಿಂದ ಇಲ್ಲಿಗೆ ಆಟೋ ಕೇಳಿ ನೋಡಿ.

ಪದರವೇ ಇಲ್ಲದ ಸಂಗತಿಗಳೂ ಇವೆ. ‘ಬೆಳಿಗ್ಗೆ ಸೊಪ್ಪಿನವಳು ಬರ್ತಾಳಾ ಆ ರಸ್ತೇಲಿ?’ ಎಂದು ತಂಗಿ ಕೇಳಿದಳು. ತಳ್ಳುಗಾಡಿಗೆ ನಕ್ಷೆಯಲ್ಲಿ ಚುಕ್ಕೆ ಇಡುವುದು ಎಲ್ಲಿ? ಏಳಕ್ಕೆ ಇಲ್ಲಿರುತ್ತದೆ, ಎಂಟಕ್ಕೆ ಮೂರನೇ ಕ್ರಾಸಿನಲ್ಲಿ. ಸಂಪು ಎಷ್ಟು ದೊಡ್ಡದು, ನಲ್ಲಿಯಲ್ಲಿ ಕಾವೇರಿಯಾ ಬೋರ್‌ವೆಲ್ಲಾ, ಓನರ್ ಮೇಲಿನ ಮಹಡಿಯಲ್ಲೇ ಇದ್ದಾರಾ, ಇವನ್ನೆಲ್ಲ ಹೋಗಿಯೇ ಕೇಳಬೇಕು. ಆದರೂ ನಾನು ನಕ್ಷೆಯ ಪರವೇ. ನಮ್ಮ ಕಾಲದಲ್ಲಿ ಊರೆಲ್ಲ ಸುತ್ತಿ ಬಂದ ಮೇಲೆ ಆಗುತ್ತಿದ್ದ ಜಗಳ ಇಲ್ಲಿ ಪೆಟ್ರೋಲ್ ಸುಡದೆ, ಮನೆಯಲ್ಲೇ ಕೂತು ಮುಗಿಯಿತು.

ಕೊನೆಗೆ ಒಂಟಿಕೊಪ್ಪಲ್, ಜಯಲಕ್ಷ್ಮೀಪುರಂ, ವಿಜಯನಗರ ಒಂದನೇ ಸ್ಟೇಜು ಹಸಿರಾಗಿ ಉಳಿದವು. ಭಾನುವಾರ ಎಲ್ಲರೂ ಹೊರಟೆವು. ಜಯಲಕ್ಷ್ಮೀಪುರಂನಲ್ಲಿ ಒಂದು ಮೇಲ್ಮನೆ ಎಲ್ಲರಿಗೂ ಹಿಡಿಸಿತು. ಓನರ್ ರಿಟೈರ್ಡ್ ಮನುಷ್ಯ. ನಮ್ಮನ್ನು ಜಗಲಿಯಲ್ಲಿ ಕೂರಿಸಿ ಅವರೂ ಅಂಕ ಹಾಕತೊಡಗಿದರು. ಎಷ್ಟು ಜನ ಇರ್ತೀರಿ? ರಾತ್ರಿ ಎಷ್ಟು ಹೊತ್ತಿಗೆ ಬರ್ತೀರಿ? ಗೋಡೆಗೆ ಮೊಳೆ ಹೊಡೀತೀರಾ? ಕೊನೆಗೆ ಕನ್ನಡಕ ಸರಿಮಾಡಿಕೊಂಡು ‘ನೆಂಟರು ಬಂದು ಹೋಗೋದು ಜಾಸ್ತಿನಾ?’ ಅಂದರು.

‘ಅಯ್ಯೋ, ನಮಗೆ ಯಾರು ಸಾರ್ ಬರ್ತಾರೆ!’ ಅಂದಳು ನನ್ನ ತಂಗಿ, ಒಂದು ಚೂರೂ ತಡವರಿಸದೆ.

ಅಡ್ವಾನ್ಸ್ ಕೊಟ್ಟಾಯಿತು. ದಸರೆಗೆ ಇನ್ನೂ ಟೈಮಿದೆ.